ಸ್ವಾಲ್‌ಬಾರ್ಡ್‌ನ ಗಣಿ ಊರುಗಳಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಾಲ್‌ಬಾರ್ಡ್‌ಗೆ ಹೋಗಿ ಬಂದ ಮೇಲೆ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಎಲ್ಲರೂ ಮೊದಲು ಕೇಳುವುದು ಹಿಮಕರಡಿ ಬಗ್ಗೆ. ನನಗೆ ಹೇಳಬೇಕು ಅನ್ನಿಸುವುದು ಊರುಗಳ ಬಗ್ಗೆ. ಅಲ್ಲಿನ ಒಂದೊಂದು ಊರೂ ಯಾರೋ ಕೆಲಸಕ್ಕೆ ಅಂತ ಬಂದು ಹಾಕಿಕೊಂಡ ಕ್ಯಾಂಪು. ನಾವು ಹೋಗುವುದು ಬೇರೆಯವರು ದುಡಿಯುವ ಜಾಗಕ್ಕೆ, ಕೆಲವು ಕಡೆ ದುಡಿಯುತ್ತಲೇ ಸತ್ತ ಜಾಗಕ್ಕೆ. ಇದು ಮನಸ್ಸಿನಲ್ಲಿದ್ದರೆ ಅಲ್ಲಿನ ಅರ್ಧ ನಿಯಮಗಳು ಯಾರೂ ಹೇಳದೆಯೇ ಅರ್ಥವಾಗುತ್ತವೆ.

ಸ್ವಾಲ್‌ಬಾರ್ಡ್ ಎಲ್ಲಿದೆ? ಅಲ್ಲಿ ಯಾರು ಇರುತ್ತಾರೆ?

ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುವೆ ಇರುವ ದ್ವೀಪಗಳ ಗುಂಪು ಇದು. 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿದೆ. ಊರುಗಳೆಲ್ಲ ಇರುವುದು ಸ್ಪಿಟ್ಸ್‌ಬರ್ಗೆನ್ ಅನ್ನುವ ದೊಡ್ಡ ದ್ವೀಪದಲ್ಲಿ. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಚೂಪು ಚೂಪಾದ ಬೆಟ್ಟಗಳನ್ನು ಕಂಡು ಆ ಹೆಸರಿಟ್ಟ.

ಅಲ್ಲಿ ಮೂಲನಿವಾಸಿಗಳು ಅಂತ ಯಾರೂ ಇಲ್ಲ. ಮೊದಲು ತಿಮಿಂಗಿಲ ಬೇಟೆಗಾರರು ಬಂದರು. ಆಮೇಲೆ ನರಿ, ಕರಡಿ ಹಿಡಿಯುವವರು. 20ನೇ ಶತಮಾನದಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು. ಈಗ ದೊಡ್ಡ ಊರಾದ ಲಾಂಗಿಯರ್‌ಬ್ಯೆನ್‌ನಲ್ಲಿ ಸುಮಾರು 2,500 ಜನ ಇದ್ದಾರೆ. ಐವತ್ತಕ್ಕೂ ಜಾಸ್ತಿ ದೇಶಗಳವರು. ನಾರ್ವೆಯವರನ್ನು ಬಿಟ್ಟರೆ ಥಾಯ್ಲೆಂಡ್ ಮತ್ತು ಫಿಲಿಪೀನ್ಸ್‌ನವರೇ ಹೆಚ್ಚು. ಹೆಚ್ಚಿನವರು ಕೆಲವು ವರ್ಷ ದುಡಿದು ಹೊರಟುಹೋಗುತ್ತಾರೆ.

ಅಲ್ಲಿಗೆ ವೀಸಾ ಬೇಡವಂತೆ, ನಿಜಾನಾ?

ಸ್ವಾಲ್‌ಬಾರ್ಡ್‌ಗೆ ಬೇಡ. ಆದರೆ ಅಲ್ಲಿಗೆ ತಲುಪಲು ಬೇಕು. ತುಂಬಾ ಜನ ಎಡವುವುದು ಇಲ್ಲೇ.

1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದವಾಯಿತು. ದ್ವೀಪಗಳು ನಾರ್ವೆಗೆ ಸೇರುತ್ತವೆ, ಆದರೆ ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ಅಲ್ಲಿ ಗಣಿ, ವ್ಯಾಪಾರ, ಮೀನುಗಾರಿಕೆಯಲ್ಲಿ ಸಮಾನ ಅವಕಾಶ ಅನ್ನುವುದು ಅದರ ತಿರುಳು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಪರವಾಗಿಯೂ ಅದಕ್ಕೆ ಸಹಿ ಬಿದ್ದಿತ್ತು. ಹಾಗಾಗಿ ನಮಗೂ ಅಲ್ಲಿ ಹಕ್ಕಿದೆ. ನಾರ್ವೆ ಅಂತೂ ಯಾವ ದೇಶದವರಿಗೂ ಸ್ವಾಲ್‌ಬಾರ್ಡ್‌ಗೆ ವೀಸಾ ಕೇಳುವುದಿಲ್ಲ.

ಆದರೆ ಮಾಮೂಲಿ ವಿಮಾನಗಳು ಹೊರಡುವುದು ನಾರ್ವೆಯ ಓಸ್ಲೋ ಮತ್ತು ಟ್ರೊಮ್ಸೊದಿಂದ. ಶೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ. ನಾರ್ವೆ ಅದರ ಒಳಗೆ, ಸ್ವಾಲ್‌ಬಾರ್ಡ್ ಹೊರಗೆ. ಅಂದರೆ ಸ್ವಾಲ್‌ಬಾರ್ಡ್ ವಿಮಾನ ಹತ್ತಿದ ಕೂಡಲೇ ನೀವು ಶೆಂಗೆನ್ ಬಿಟ್ಟು ಹೋದಂತೆ. ವಾಪಸ್ ಬರುವಾಗ ಮತ್ತೆ ಒಳಗೆ ಬರಬೇಕು. ಅದಕ್ಕೇ ಎರಡು ಸಲ ಅಥವಾ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವ ಶೆಂಗೆನ್ ವೀಸಾ ಕಡ್ಡಾಯ. ಒಂದೇ ಸಲದ ವೀಸಾ ಇದ್ದರೆ ಹೋಗುವುದೇನೋ ಹೋಗಬಹುದು, ಬರುವುದು ಕಷ್ಟ. ಅರ್ಜಿ ತುಂಬುವಾಗಲೇ ಸ್ವಾಲ್‌ಬಾರ್ಡ್ ಹೆಸರು ಬರೆಯಿರಿ. ವೀಸಾ ಕೈಗೆ ಬಂದ ತಕ್ಷಣ ಅದರಲ್ಲಿ ಎಷ್ಟು ಪ್ರವೇಶ ಅಂತ ಇದೆ ನೋಡಿಕೊಳ್ಳಿ.

ಹೋಗುವುದು ಹೇಗೆ?

ಓಸ್ಲೋದಿಂದ ಸುಮಾರು ಮೂರು ಗಂಟೆ ವಿಮಾನ. ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ವಿಮಾನ ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರ್, ಬಸ್ ಇದೆ. ಬೇಸಿಗೆಯಲ್ಲಿ ಕ್ರೂಸ್ ಹಡಗುಗಳೂ ಬರುತ್ತವೆ. ನನ್ನನ್ನು ಕೇಳಿದರೆ ವಿಮಾನದಲ್ಲಿ ಹೋಗಿ ಊರಿನಲ್ಲೇ ಉಳಿಯುವುದು ಮೇಲು. ಹಡಗಿನಿಂದ ಇಳಿದು ಮೂರು ಗಂಟೆ ಸುತ್ತಿ ಹತ್ತಿದರೆ ಊರು ಕಂಡ ಹಾಗಾಗುವುದಿಲ್ಲ.

ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಬಂಡಿ. ಅಷ್ಟೇ.

ಯಾವ ತಿಂಗಳು ಒಳ್ಳೆಯದು?

ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಲಾಂಗಿಯರ್‌ಬ್ಯೆನ್‌ನಲ್ಲಿ ಏಪ್ರಿಲ್ 20ರ ಸುಮಾರಿಗೆ ಹುಟ್ಟಿದ ಸೂರ್ಯ ಆಗಸ್ಟ್ 22ರ ಸುಮಾರಿನವರೆಗೆ ಮುಳುಗುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹುಟ್ಟುವುದೇ ಇಲ್ಲ. ಅದರಲ್ಲೂ ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ನಡುಮಧ್ಯಾಹ್ನವೂ ಕತ್ತಲೆ.

ಹಳೇ ಗಣಿ ಊರುಗಳನ್ನು ದೋಣಿಯಲ್ಲಿ ಹೋಗಿ ನೋಡಬೇಕು ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಹಿಮದ ಮೇಲೆ ಹೋಗಬೇಕು ಅಂದರೆ ಮಾರ್ಚ್, ಏಪ್ರಿಲ್. ಆಗ ಬೆಳಕೂ ಇರುತ್ತದೆ, ಹಿಮವೂ ಗಟ್ಟಿಯಾಗಿರುತ್ತದೆ.

ಮಾರ್ಚ್ 8ರ ಹೊತ್ತಿಗೆ ಹೋದರೆ ಇನ್ನೊಂದು ಸಂಭ್ರಮ ಸಿಗುತ್ತದೆ. ಸೂರ್ಯ ಫೆಬ್ರವರಿಯಲ್ಲೇ ದಿಗಂತದ ಮೇಲೆ ಬಂದಿರುತ್ತಾನೆ. ಆದರೆ ಬೆಟ್ಟ ಅಡ್ಡ ಇರುವುದರಿಂದ ಊರಿನ ಮೇಲೆ ಬಿಸಿಲು ಬೀಳುವುದಿಲ್ಲ. ಹಳೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೊದಲ ಬಿಸಿಲು ಬಿದ್ದರೆ ಸೂರ್ಯ ಊರಿಗೆ ಬಂದ ಅಂತ ಲೆಕ್ಕ. ಆಸ್ಪತ್ರೆ ಕಟ್ಟಡ ಹೋಗಿ ಎಷ್ಟೋ ಕಾಲವಾಯಿತು, ಮೆಟ್ಟಿಲು ಮಾತ್ರ ಉಳಿಸಿಕೊಂಡಿದ್ದಾರೆ. ಊರಿನ ಮಕ್ಕಳೆಲ್ಲ ಅಲ್ಲಿ ಸೇರಿ ಸೂರ್ಯನನ್ನು ಕೂಗಿ ಕರೆಯುತ್ತಾರೆ. ನಾಲ್ಕು ತಿಂಗಳು ಬಿಸಿಲು ಕಾಣದವರು ಕರೆಯುವ ಕೂಗು ಅದು.

ಲಾಂಗಿಯರ್‌ಬ್ಯೆನ್ ಈಗಲೂ ಗಣಿ ಊರೇನಾ?

ಈಗ ಅಲ್ಲ. 1906ರಲ್ಲಿ ಜಾನ್ ಮನ್ರೋ ಲಾಂಗಿಯರ್ ಅನ್ನುವ ಅಮೆರಿಕನ್ ಉದ್ಯಮಿ ಇಲ್ಲಿ ಗಣಿ ಶುರು ಮಾಡಿದ. ಊರಿಗೆ ಅವನ ಹೆಸರೇ ನಿಂತಿತು. 1916ರಲ್ಲಿ ನಾರ್ವೆಯ ಸ್ತೂರ್ ನೋರ್ಸ್ಕೆ ಕಂಪನಿ ಅದನ್ನು ಕೊಂಡುಕೊಂಡಿತು. ಒಂದನೇ ಗಣಿ, ಎರಡನೇ ಗಣಿ ಅಂತ ನಂಬರ್ ಹಾಕಿಕೊಂಡು ಏಳನೆಯದರವರೆಗೆ ಬಂದರು. 1920ರ ಜನವರಿಯಲ್ಲಿ ಒಂದನೇ ಗಣಿಯಲ್ಲಿ ಕಲ್ಲಿದ್ದಲಿನ ಧೂಳು ಸ್ಫೋಟಗೊಂಡು 26 ಜನ ಸತ್ತರು. ಊರಿನ ವಿದ್ಯುತ್ ಸ್ಥಾವರ 2023ರಲ್ಲಿ ಕಲ್ಲಿದ್ದಲು ಬಿಟ್ಟು ಡೀಸೆಲ್‌ಗೆ ತಿರುಗಿತು. ಕೊನೆಗೆ ಉಳಿದಿದ್ದ ಏಳನೇ ಗಣಿ 2025ರ ಜೂನ್ ಕೊನೆಗೆ ಮುಚ್ಚಿತು. ನೂರು ವರ್ಷಕ್ಕೂ ಮೀರಿದ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಊರು ತುಂಬ ಗಣಿಯೇ ಕಾಣುತ್ತದೆ. ಬೆಟ್ಟದಿಂದ ಬಂದರಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ರೋಪ್‌ವೇ ಕಂಬಗಳು, ಮರದವು, ಸಾಲಾಗಿ ಇವತ್ತಿಗೂ ನಿಂತಿವೆ. ಕಣಿವೆಯ ಮೇಲ್ತುದಿಯಲ್ಲಿ ನ್ಯೂಬ್ಯೆನ್ ಅನ್ನುವ ಕೇರಿ ಇದೆ. ಗಣಿ ಕಾರ್ಮಿಕರಿಗೆ ಕಟ್ಟಿಸಿದ್ದ ಉದ್ದುದ್ದ ಮನೆಗಳಲ್ಲಿ ಕೆಲವು ಈಗ ಅತಿಥಿಗೃಹಗಳಾಗಿವೆ. ರೂಮು ಚಿಕ್ಕದು, ಬಚ್ಚಲು ಎಲ್ಲರಿಗೂ ಒಂದೇ. ಆದರೂ ಉಳಿಯುವುದಾದರೆ ಅಲ್ಲಿ ಉಳಿಯಿರಿ. ರಾತ್ರಿ ಪಾಳಿ ಮುಗಿಸಿ ಬಂದವನು ಯಾವ ಕಿಟಕಿಯಿಂದ ಯಾವ ಬೆಟ್ಟ ನೋಡುತ್ತಿದ್ದ ಅನ್ನುವುದು ಗೊತ್ತಾಗುತ್ತದೆ.

ಗಣಿಯ ಒಳಗೂ ಹೋಗಬಹುದು. 1996ರಲ್ಲಿ ನಿಂತ ಮೂರನೇ ಗಣಿಯನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ಹೆಲ್ಮೆಟ್, ದೀಪ, ಮೈಗೆ ಮೇಲಂಗಿ ಅವರೇ ಕೊಡುತ್ತಾರೆ. ಇಲ್ಲಿ ಕಲ್ಲಿದ್ದಲಿನ ಪದರ ತುಂಬಾ ತೆಳು. ಕಾರ್ಮಿಕರು ನಿಂತು ಕೆಲಸ ಮಾಡುವ ಹಾಗಿರಲಿಲ್ಲ, ಮಲಗಿ ತೆವಳಿಕೊಂಡೇ ಅಗೆಯಬೇಕಿತ್ತು. ನಾನು ಒಂದು ಕಡೆ ಮೊಣಕೈ ಊರಿ ಒಳಗೆ ಇಣುಕಿದೆ. ಬೆನ್ನಿಗೆ ಕಲ್ಲು ತಾಕುತ್ತಿತ್ತು, ಕೆಳಗೆ ನೆಲ ತಣ್ಣಗೆ ಕೊರೆಯುತ್ತಿತ್ತು. ಎರಡು ನಿಮಿಷಕ್ಕೆ ಹೊರಗೆ ಬಂದುಬಿಟ್ಟೆ. ಅವರು ಪೂರ್ತಿ ಪಾಳಿ ಹಾಗೇ ಇರುತ್ತಿದ್ದರು.

ಹೊಟೇಲಿನಲ್ಲಿ ಶೂ ಬಿಚ್ಚಬೇಕಂತೆ, ಹೌದಾ?

ಹೌದು. ಹಲವು ಹೊಟೇಲು, ಅತಿಥಿಗೃಹಗಳಲ್ಲಿ, ಮ್ಯೂಸಿಯಂನಲ್ಲಿ ಕೂಡ. ಗಣಿಯಿಂದ ಬಂದವರ ಬೂಟಿಗೆ ಕಲ್ಲಿದ್ದಲಿನ ಮಸಿ ಮೆತ್ತಿರುತ್ತಿತ್ತಲ್ವಾ, ಅದು ಮನೆಯೊಳಗೆ ಬರಬಾರದು ಅಂತ ಬಾಗಿಲಲ್ಲೇ ಬಿಚ್ಚುತ್ತಿದ್ದರು. ಗಣಿ ಹೋಯಿತು, ಪದ್ಧತಿ ಉಳಿಯಿತು. ನಮಗೇನೂ ಇದು ಹೊಸದಲ್ಲ. ದಪ್ಪ ಉಣ್ಣೆ ಕಾಲುಚೀಲ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ, ತೂತಿಲ್ಲದ್ದು.

ಊರಿನಿಂದ ಹೊರಗೆ ನಾವೇ ನಡೆದು ಹೋಗಬಹುದಾ?

ಬೇಡ. ಊರಿನ ಅಂಚಿನಲ್ಲಿ ಹಿಮಕರಡಿ ಚಿತ್ರದ ತ್ರಿಕೋನ ಫಲಕ ಇದೆ. ಕೆಳಗೆ ‘ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯಿಸುತ್ತದೆ’ ಅಂತ ನಾರ್ವೆಯ ಭಾಷೆಯಲ್ಲಿ ಬರೆದಿದೆ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫಲಕದಾಚೆ ಬಂದೂಕು ಇರುವ ಮಾರ್ಗದರ್ಶಿ ಇಲ್ಲದೆ ಹೆಜ್ಜೆ ಇಡಬೇಡಿ.

ಊರುಗಳ ಹೊರಗೆ ಹೋಗುವವರ ಬಳಿ ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇರಲೇಬೇಕು ಅಂತ ಕಾನೂನೇ ಹೇಳುತ್ತದೆ. ಬೆಳಕಿನ ಗುಂಡು ಹಾರಿಸುವ ಪಿಸ್ತೂಲು ಅಂಥದ್ದು. ಜೊತೆಗೆ ಬಂದೂಕೂ ಇರಲಿ ಅಂತ ಆಡಳಿತ ಸಲಹೆ ಕೊಡುತ್ತದೆ. ಕರಡಿಯನ್ನು ಕೊಲ್ಲಲು ಅಲ್ಲ, ಜೀವಕ್ಕೆ ಬಂದಾಗ ಕೊನೆಯ ದಾರಿ ಅಂತ. 1973ರಿಂದ ಅಲ್ಲಿ ಕರಡಿ ಬೇಟೆ ನಿಷೇಧ. ಒಂದು ಕರಡಿ ಸತ್ತರೂ ತನಿಖೆ ನಡೆಯುತ್ತದೆ.

2020ರ ಆಗಸ್ಟ್‌ನಲ್ಲಿ ಲಾಂಗಿಯರ್‌ಬ್ಯೆನ್ ವಿಮಾನ ನಿಲ್ದಾಣದ ಪಕ್ಕದ ಕ್ಯಾಂಪಿಂಗ್ ಜಾಗದಲ್ಲಿ ಟೆಂಟಿನಲ್ಲಿ ಮಲಗಿದ್ದವರೊಬ್ಬರನ್ನು ಕರಡಿ ಕೊಂದಿತು. ಊರಿನಿಂದ ಅಷ್ಟು ಹತ್ತಿರದಲ್ಲಿ. ಹಾಗಾಗಿ ‘ಇಲ್ಲೇ ಪಕ್ಕದಲ್ಲಿ ತಾನೇ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಕರಡಿ ಹುಡುಕಿಕೊಂಡು ಹೋಗುವುದೂ ತಪ್ಪು. 2025ರ ಆರಂಭದಿಂದ ನಿಯಮ ಇನ್ನೂ ಬಿಗಿಯಾಗಿದೆ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಅದು ಮರಿಗಳನ್ನು ಕರೆದುಕೊಂಡು ಬೇಟೆಯಾಡುವ ಕಾಲ. ‘ಕರಡಿ ತೋರಿಸ್ತೀವಿ’ ಅಂತ ಯಾರಾದರೂ ಮಾತು ಕೊಟ್ಟರೆ ಅವರ ಜೊತೆ ಹೋಗಬೇಡಿ.

ಇನ್ನೊಂದು ಚಿಕ್ಕ ವಿಷಯ. ಬೇಸಿಗೆಯಲ್ಲಿ ಊರಿನ ಹೊರಗಿನ ನಾಯಿ ದೊಡ್ಡಿಗಳ ಬೇಲಿ ಪಕ್ಕ ಕಡಲ ಬಾತುಗಳು ಸಾಲಾಗಿ ಮೊಟ್ಟೆಗೆ ಕೂತಿರುತ್ತವೆ. ಸ್ಲೆಡ್ಜ್ ನಾಯಿಗಳು ಇಡೀ ದಿನ ಬೊಗಳುತ್ತಿದ್ದರೂ ಕದಲುವುದಿಲ್ಲ. ನಾಯಿ ಇರುವ ಕಡೆ ನರಿ ಬರುವುದಿಲ್ಲ ಅನ್ನುವುದು ಅವಕ್ಕೆ ಗೊತ್ತು. ದಾರಿ ಬಿಟ್ಟು ಒಂದು ಹೆಜ್ಜೆ ಹತ್ತಿರ ಹೋದರೂ ಎದ್ದು ಹೋಗುತ್ತವೆ, ಮೊಟ್ಟೆ ತಣ್ಣಗಾಗುತ್ತದೆ. ರಸ್ತೆ ಮೇಲೇ ನಿಂತು ನೋಡಿ.

ಪಿರಮಿಡೆನ್ ‘ದೆವ್ವದ ಊರು’ ಅಂತಾರಲ್ಲ?

ಆ ಮಾತು ನನಗೆ ಹಿಡಿಸುವುದಿಲ್ಲ. ಅಲ್ಲಿ ದೆವ್ವ ಇಲ್ಲ. ಜನ ಬಾಳಿ ಬದುಕಿ, ಕೆಲಸ ನಿಂತಿದ್ದಕ್ಕೆ ಎದ್ದು ಹೋದ ಊರು ಅದು.

ಪಿರಮಿಡ್ಡಿನ ಆಕಾರದ ಬೆಟ್ಟದ ಬುಡದಲ್ಲಿದೆ. 1910ರಲ್ಲಿ ಸ್ವೀಡನ್ನಿನವರು ಶುರು ಮಾಡಿ 1927ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮಾರಿದರು. 1980ರ ದಶಕದಲ್ಲಿ ಸಾವಿರ ಜನ ಇದ್ದರು. ಶಾಲೆ, ಈಜುಕೊಳ, ಸಿನಿಮಾ ಮಂದಿರ, ಗ್ರಂಥಾಲಯ, ಹಸು ಹಂದಿ ಸಾಕುವ ಕೊಟ್ಟಿಗೆ, ತರಕಾರಿಗೆ ಗಾಜಿನ ಮನೆ ಎಲ್ಲ ಇತ್ತು. ಗಂಡಸರ ವಸತಿಗೆ ಲಂಡನ್ ಅಂತಲೂ ಹೆಂಗಸರದ್ದಕ್ಕೆ ಪ್ಯಾರಿಸ್ ಅಂತಲೂ ಕರೆಯುತ್ತಿದ್ದರು.

1996ರ ಆಗಸ್ಟ್ 29ರಂದು ಮಾಸ್ಕೋದಿಂದ ಬರುತ್ತಿದ್ದ ವಿಮಾನ ಲಾಂಗಿಯರ್‌ಬ್ಯೆನ್ ಹತ್ತಿರದ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 141 ಜನರೂ ಸತ್ತರು. ಹೆಚ್ಚಿನವರು ಪಿರಮಿಡೆನ್ ಮತ್ತು ಬಾರೆಂಟ್ಸ್‌ಬುರ್ಗ್ ಅನ್ನುವ ರಷ್ಯನ್ ಊರುಗಳ ಗಣಿ ಕಾರ್ಮಿಕರು, ಅವರ ಹೆಂಡತಿ ಮಕ್ಕಳು. ಅಷ್ಟು ಚಿಕ್ಕ ಊರುಗಳಿಗೆ ಅದು ಎಂಥ ಪೆಟ್ಟು ಯೋಚಿಸಿ. ಅದಾಗಿ ಎರಡು ವರ್ಷಕ್ಕೆ, 1998ರಲ್ಲಿ, ಪಿರಮಿಡೆನ್ ಗಣಿ ಮುಚ್ಚಿತು. ಜನ ಖಾಲಿ ಮಾಡಿದರು.

ಈಗ ಬೇಸಿಗೆಯಲ್ಲಿ ಕೆಲವು ಕಂಪನಿಗಳ ದೋಣಿ ಹತ್ತಿದರೆ ನೂರ್ಡೆನ್‌ಶೋಲ್ಡ್ ಹಿಮನದಿ ತೋರಿಸಿ ಪಿರಮಿಡೆನ್‌ಗೆ ಕರೆದುಕೊಂಡು ಹೋಗುತ್ತಾರೆ. ಚೌಕದ ತುದಿಯಲ್ಲಿ ಲೆನಿನ್ ಪ್ರತಿಮೆ ಹಿಮನದಿ ಕಡೆ ಮುಖ ಮಾಡಿ ನಿಂತಿದೆ. ಸಭಾಂಗಣದಲ್ಲಿ ‘ಕೆಂಪು ಅಕ್ಟೋಬರ್’ ಕಂಪನಿಯ ಪಿಯಾನೋ ಇದೆ.

ನನಗೆ ಮರೆಯಲಾಗದ್ದು ಸಂಸಾರಸ್ಥರು ಇದ್ದ ದೊಡ್ಡ ಕಟ್ಟಡ. ಅದರ ಒಂದೊಂದು ಕಿಟಕಿಯ ಹೊರಗೂ ಕಡಲ ಹಕ್ಕಿಗಳು ಗೂಡು ಕಟ್ಟಿವೆ. ಕಡಲ ಬಂಡೆಯ ಚಾಚಿನ ಮೇಲೆ ಕಟ್ಟುವ ಹಕ್ಕಿ ಅದು, ಇಲ್ಲಿ ಕಿಟಕಿಯ ಅಂಚೇ ಬಂಡೆಯಾಗಿದೆ. ಒಣಗಿದ ಪಾಚಿ, ಕೆಸರು ಮೆತ್ತಿದ ಗೂಡು. ಇಟ್ಟಿಗೆ ಗೋಡೆ ಮೇಲೆ ಬಿಳಿ ಹಿಕ್ಕೆ ಪಟ್ಟೆ ಪಟ್ಟೆಯಾಗಿ ಇಳಿದಿದೆ. ಗೂಡಿನ ಹಿಂದೆ ಗಾಜಿನಾಚೆ ಮಾಸಿದ ಪರದೆ ಇನ್ನೂ ನೇತಾಡುತ್ತಿತ್ತು. ಮಕ್ಕಳ ಗಲಾಟೆ ಇದ್ದ ಕಟ್ಟಡದಲ್ಲಿ ಈಗ ಮರಿಗಳ ಗಲಾಟೆ. ಕಿವಿ ಕಿವುಡಾಗುವಷ್ಟು.

ಕಟ್ಟಡಗಳ ಒಳಗೆ ಮಾರ್ಗದರ್ಶಿ ಬಾಗಿಲು ತೆಗೆದರೆ ಮಾತ್ರ ಹೋಗಬೇಕು. ಮೇಜಿನ ಮೇಲಿನ ಕಪ್ಪು, ಗೋಡೆಯ ಚಿತ್ರ ಯಾವುದನ್ನೂ ಮುಟ್ಟಬೇಡಿ. ಈ ಹಿಂದೆ ಬಂದ ಎಷ್ಟೋ ಜನ ನೆನಪಿಗೆ ಅಂತ ಒಂದೊಂದು ಎತ್ತಿಕೊಂಡು ಹೋಗಿ ರೂಮುಗಳು ಬರಿದಾಗಿವೆ.

ಬಾರೆಂಟ್ಸ್‌ಬುರ್ಗ್‌ಗೆ ಈಗ ಹೋಗಬಹುದಾ?

ಹೋಗಬಾರದು ಅನ್ನುವ ಕಾನೂನು ಇಲ್ಲ. ಲಾಂಗಿಯರ್‌ಬ್ಯೆನ್‌ನಿಂದ ಸುಮಾರು 55 ಕಿಲೋಮೀಟರ್. 1932ರಿಂದ ರಷ್ಯಾದ ಸರ್ಕಾರಿ ಕಂಪನಿ ಆರ್ಕ್ಟಿಕುಗೋಲ್ ನಡೆಸುವ ಗಣಿ ಊರು. ಕೆಲವು ನೂರು ಜನ ಇದ್ದಾರೆ, ರಷ್ಯನ್ನರು ಮತ್ತು ಉಕ್ರೇನಿನಿಂದ ಬಂದವರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಲಾಂಗಿಯರ್‌ಬ್ಯೆನ್‌ನ ಹಲವು ಪ್ರವಾಸ ಕಂಪನಿಗಳು ಅಲ್ಲಿಗೂ ಪಿರಮಿಡೆನ್‌ಗೂ ಜನರನ್ನು ಇಳಿಸುವುದನ್ನು ನಿಲ್ಲಿಸಿದವು. ಊಟಕ್ಕೋ ಟಿಕೆಟ್ಟಿಗೋ ಕೊಡುವ ದುಡ್ಡು ರಷ್ಯಾ ಸರ್ಕಾರಕ್ಕೆ ಹೋಗುತ್ತದೆ ಅನ್ನುವುದು ಅವರ ಕಾರಣ. ಕರೆದುಕೊಂಡು ಹೋಗುವವರು ಯಾರು, ದೋಣಿ ಇಳಿಸುತ್ತದಾ ಅಥವಾ ದೂರದಿಂದ ತೋರಿಸಿ ವಾಪಸ್ ತರುತ್ತದಾ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಹೋಗುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಹೋದರೆ ಅಲ್ಲಿರುವ ಚಿಕ್ಕ ಮರದ ಪ್ರಾರ್ಥನಾ ಮಂದಿರ ನೋಡದೆ ಬರಬೇಡಿ. 1996ರ ವಿಮಾನದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಅದಾದ ಮರುವರ್ಷ, 1997ರ ಸೆಪ್ಟೆಂಬರ್‌ನಲ್ಲಿ, ಇದೇ ಊರಿನ ಗಣಿಯಲ್ಲಿ ಸ್ಫೋಟವಾಗಿ 23 ಜನ ಸತ್ತರು.

ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಅಲ್ಲೇ ಇದೆಯಂತೆ. ನೋಡೋಕೆ ಬಿಡ್ತಾರಾ?

ಹೊರಗಿನಿಂದ ನೋಡಬಹುದು, ಅದೂ ಆ ಊರಿಗೆ ಹೋಗುವ ಹಡಗಿನಲ್ಲಿ ನೀವಿದ್ದರೆ. ಹಿಮಾದ್ರಿ ಇರುವುದು ನ್ಯೂ-ಓಲೆಸುಂಡ್‌ನಲ್ಲಿ, ಸುಮಾರು 79 ಡಿಗ್ರಿ ಉತ್ತರದಲ್ಲಿ. 2008ರ ಜುಲೈನಲ್ಲಿ ಶುರುವಾಯಿತು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಮೊದಮೊದಲು ನಮ್ಮ ವಿಜ್ಞಾನಿಗಳು ಬೇಸಿಗೆಗೆ ಹೋಗಿ ಬರುತ್ತಿದ್ದರು. 2023ರ ಡಿಸೆಂಬರ್‌ನಿಂದ ಕಡುಚಳಿಗಾಲದಲ್ಲೂ ಉಳಿಯತೊಡಗಿದರು. ಊರಿನ ಮುಂದಿನ ಕೊಂಗ್ಸ್‌ಫ್ಯೋರ್ಡ್ ಕೊಲ್ಲಿಯಲ್ಲಿ 2014ರಲ್ಲಿ ‘ಇಂಡಾರ್ಕ್’ ಅನ್ನುವ ಉಪಕರಣವನ್ನೂ ನೀರಿನೊಳಗೆ ಇಳಿಸಿದ್ದಾರೆ. ನೀರಿನ ಬಿಸಿ, ಉಪ್ಪು ಎಲ್ಲ ಅಳೆಯುತ್ತದೆ. ಅಲ್ಲಿನ ಹಿಮ ಕರಗುವುದಕ್ಕೂ ನಮ್ಮ ಮುಂಗಾರಿಗೂ ಏನು ನಂಟು ಅಂತ ಹುಡುಕುವುದು ಕೇಂದ್ರದ ಕೆಲಸಗಳಲ್ಲಿ ಒಂದು.

ಈ ಊರೂ ಮೊದಲು ಕಲ್ಲಿದ್ದಲು ಕ್ಯಾಂಪೇ. 1962ರ ನವೆಂಬರ್‌ನಲ್ಲಿ ಗಣಿ ಸ್ಫೋಟದಲ್ಲಿ 21 ಜನ ಸತ್ತರು. ಅದರ ತನಿಖೆಯ ಗದ್ದಲದಲ್ಲಿ 1963ರಲ್ಲಿ ನಾರ್ವೆಯ ಸರ್ಕಾರವೇ ಬಿತ್ತು, ಗಣಿಯೂ ಮುಚ್ಚಿತು. ಆಮೇಲೆ ಸಂಶೋಧನೆಯ ಊರಾಯಿತು. ಕಲ್ಲಿದ್ದಲು ಎಳೆಯುತ್ತಿದ್ದ ಪುಟ್ಟ ರೈಲು ಎಂಜಿನ್ ಬಂದರಿನ ಹತ್ತಿರ ಇನ್ನೂ ನಿಂತಿದೆ.

ಇಲ್ಲಿ ಇಳಿಯುವ ಮುಂಚೆ ಫೋನಿನ ವೈಫೈ, ಬ್ಲೂಟೂತ್ ಆಫ್ ಮಾಡಬೇಕು. ಊರಿನಿಂದ ಸುತ್ತ ಇಪ್ಪತ್ತು ಕಿಲೋಮೀಟರ್ ಒಳಗೆ ಇದು ನಿಯಮ. ದೂರದ ಆಕಾಶಕಾಯಗಳಿಂದ ಬರುವ ಕ್ಷೀಣ ಸಂಕೇತ ಹಿಡಿಯುವ ಆಂಟೆನಾ ಇಲ್ಲಿದೆ, ನಮ್ಮ ಕೈಗಡಿಯಾರದ ಬ್ಲೂಟೂತ್ ಕೂಡ ಅದಕ್ಕೆ ಅಡ್ಡಿ. ರಸ್ತೆ ಬಿಟ್ಟು ನಡೆಯಬೇಡಿ. ಮನೆಗಳ ಬಾಗಿಲಿಗೆ ಬೀಗ ಇರುವುದಿಲ್ಲ, ಕರಡಿ ಬಂದರೆ ಯಾರು ಬೇಕಾದರೂ ಒಳಗೆ ಓಡಲಿ ಅಂತ. ಬೀಗ ಇಲ್ಲ ಅಂತ ಸುಮ್ನೆ ತೆಗೆದು ಇಣುಕಬೇಡಿ. ಒಳಗೆ ಕೆಲಸ ನಡೆಯುತ್ತಿರುತ್ತದೆ, ಯಾರೋ ಮಲಗಿರುತ್ತಾರೆ. ನಮ್ಮ ಬಾವುಟ ಕಂಡ ಖುಷಿಯಲ್ಲಿ ಹಿಮಾದ್ರಿಯ ಬಾಗಿಲು ಬಡಿಯುವುದೂ ಬೇಡ.

ಸ್ವೇಯಾ ಅನ್ನುವ ಗಣಿ ಕ್ಯಾಂಪ್ ನೋಡಬಹುದಾ?

ಅದು ಈಗ ಇಲ್ಲ. ಅಲ್ಲಿ ಯಾರೂ ಸಂಸಾರ ಹೂಡಲಿಲ್ಲ. ಲಾಂಗಿಯರ್‌ಬ್ಯೆನ್‌ನಿಂದ ಚಿಕ್ಕ ವಿಮಾನದಲ್ಲಿ ಪಾಳಿಗೆ ಹೋಗಿ, ಅಲ್ಲೇ ತಿಂದು ಮಲಗಿ ದುಡಿದು ವಾಪಸ್ ಬರುತ್ತಿದ್ದರು. 2007ರಲ್ಲಿ ಸುಮಾರು 40 ಲಕ್ಷ ಟನ್ ಕಲ್ಲಿದ್ದಲು ತೆಗೆದ ಗಣಿ ಅದು. 2017ರಲ್ಲಿ ಸರ್ಕಾರ ಪೂರ್ತಿ ಮುಚ್ಚುವ ತೀರ್ಮಾನ ಮಾಡಿತು. ವಸತಿ, ಕ್ಯಾಂಟೀನು, ರನ್‌ವೇ ಎಲ್ಲ ಕಿತ್ತು, ನೆಲವನ್ನು ಮೊದಲಿದ್ದ ಆಕಾರಕ್ಕೆ ತಂದರು. 2023ಕ್ಕೆ ಕೆಲಸ ಮುಗಿಯಿತು. ಊರನ್ನು ಅಳಿಸುವುದೂ ಒಂದು ದುಡಿಮೆಯೇ. ತುಂಬಾ ಹಳೇ ಕೆಲವು ಅವಶೇಷಗಳನ್ನು ಮಾತ್ರ ಬಿಟ್ಟಿದ್ದಾರೆ.

ನೆಲದ ಮೇಲೆ ಬಿದ್ದಿರುವ ತುಕ್ಕು ಹಿಡಿದ ಮೊಳೆ ತರಬಹುದಾ?

ಮೊಳೆ ತರಬಾರದು. 1946ಕ್ಕಿಂತ ಹಿಂದೆ ಮನುಷ್ಯ ಬಿಟ್ಟುಹೋದದ್ದೆಲ್ಲ ಅಲ್ಲಿ ಸಂರಕ್ಷಿತ. ತಂತಿ, ಇಟ್ಟಿಗೆ, ಹಲಗೆ, ಮುರಿದ ತಳ್ಳುಗಾಡಿ ಎಲ್ಲವೂ. ನಮ್ಮ ಕಣ್ಣಿಗೆ ಗುಜರಿ, ಅವರಿಗೆ ಚರಿತ್ರೆ. ಎತ್ತಿ ನೋಡಿ ಬೇರೆ ಕಡೆ ಇಡುವುದೂ ತಪ್ಪು. ಹೂವು ಕೀಳುವುದೂ ನಿಷೇಧ. ಮರವೇ ಇಲ್ಲದ ನಾಡು ಅದು. ಇರುವ ಧ್ರುವ ವಿಲ್ಲೋ ಗಿಡ ಕೆಲವೇ ಸೆಂಟಿಮೀಟರ್ ಎತ್ತರ, ಹುಲ್ಲು ಅಂದುಕೊಂಡು ತುಳಿದುಬಿಡುತ್ತೇವೆ.

ಬೀಜ ಭಂಡಾರದ ಒಳಗೆ ಬಿಡ್ತಾರಾ?

ಇಲ್ಲ. ಜಗತ್ತಿನ ಬೆಳೆಗಳ ಬೀಜ ಕಾಪಿಡಲು 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ವಿಮಾನ ನಿಲ್ದಾಣದ ಮೇಲಿನ ಬೆಟ್ಟದಲ್ಲಿದೆ. ಬಾಗಿಲನ್ನಷ್ಟೇ ನೋಡಬಹುದು. ಆದರೂ ಹೋಗಿ ನಿಲ್ಲಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೀಜಗಳು ಆ ಬೆಟ್ಟದೊಳಗೆ ಮೈನಸ್ 18 ಡಿಗ್ರಿಯಲ್ಲಿ ಮಲಗಿವೆ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಆ ಬಾಗಿಲ ಮುಂದೆ ನಿಂತಾಗ ಗಂಟಲು ಉಬ್ಬುತ್ತದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಲಾಂಗಿಯರ್‌ಬ್ಯೆನ್‌ನಲ್ಲಿ ಸಿಗುತ್ತದೆ. ಸೂಪರ್‌ಮಾರ್ಕೆಟ್ ಇದೆ, ಥಾಯ್ ಅಡುಗೆಯೂ ಇದೆ. ಎಲ್ಲ ಹಡಗು, ವಿಮಾನದಲ್ಲೇ ಬರಬೇಕು, ಹಾಗಾಗಿ ಸೊಪ್ಪು ತರಕಾರಿ ದುಬಾರಿ. ಅಡುಗೆಮನೆ ಇರುವ ಅತಿಥಿಗೃಹ ಹಿಡಿದರೆ ಅನ್ನ ಸಾರು ಮಾಡಿಕೊಳ್ಳಬಹುದು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತೆಗೆದುಕೊಂಡು ಹೋಗಿ.

ಊರಾಚೆ ಕರೆದುಕೊಂಡು ಹೋದಾಗ ಬಿಸಿನೀರು ಸುರಿದರೆ ಊಟವಾಗುವ ಪ್ಯಾಕೆಟ್ ಕೊಡುತ್ತಾರೆ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆಯಿರಿ. ನಾನು ದೋಣಿ ಹತ್ತಿದ ಮೇಲೆ ಹೇಳಿದೆ. ಆ ದಿನ ಇದ್ದದ್ದು ಮೀನು ಮತ್ತು ಹಿಮಸಾರಂಗದ ಮಾಂಸ ಮಾತ್ರ. ಬಿಸ್ಕತ್ತು, ಬಿಸಿ ಕರ್ರಂಟ್ ಹಣ್ಣಿನ ರಸದಲ್ಲಿ ದಿನ ಕಳೆದೆ. ಆ ಚಳಿಯಲ್ಲಿ ಹೊಟ್ಟೆ ಖಾಲಿ ಇದ್ದರೆ ಮೈ ಬಿಸಿಯಾಗುವುದೇ ಇಲ್ಲ.

ಬಟ್ಟೆ ಏನು ಬೇಕು?

ಜುಲೈನಲ್ಲೂ ಆರೇಳು ಡಿಗ್ರಿ ಅಷ್ಟೇ. ಚಳಿಗಾಲದಲ್ಲಿ ಮೈನಸ್ 15 ಮಾಮೂಲು, ಮೈನಸ್ 30ಕ್ಕೂ ಇಳಿಯಬಹುದು. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಇರಲಿ. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿ ಅಲ್ಲೇ ತಣ್ಣಗಾಗುತ್ತದೆ. ಬೂಟು ಒಂದು ಸೈಜು ದೊಡ್ಡದಿರಲಿ, ಒಳಗೆ ಬೆರಳು ಆಡಬೇಕು. ಸ್ನೋಮೊಬೈಲ್ ಪ್ರವಾಸಕ್ಕೆ ಮೇಲಂಗಿ, ಹೆಲ್ಮೆಟ್, ಬೂಟು ಅವರೇ ಕೊಡುತ್ತಾರೆ, ಇಲ್ಲಿಂದ ಕೊಂಡು ಹೊರುವುದು ಬೇಡ.

ಫೋನ್ ಸಿಗುತ್ತಾ?

ಲಾಂಗಿಯರ್‌ಬ್ಯೆನ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ಊರು ದಾಟಿದರೆ ಇಲ್ಲ. ‘ಇಷ್ಟು ಹೊತ್ತು ಫೋನ್ ಬರುವುದಿಲ್ಲ’ ಅಂತ ಮನೆಯವರಿಗೆ ಮೊದಲೇ ಹೇಳಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಫೋನನ್ನು ಒಳಜೇಬಿನಲ್ಲಿ ಎದೆಗೆ ಒತ್ತಿ ಇಟ್ಟುಕೊಳ್ಳಿ.

ಅಲ್ಲಿ ಸಾಯುವುದೂ ಹುಟ್ಟುವುದೂ ನಿಷೇಧವಂತೆ?

ಆ ಥರದ ಕಾನೂನಿಲ್ಲ. ಚಿಕ್ಕ ಆಸ್ಪತ್ರೆ ಇದೆ, ಹೆರಿಗೆ ಸೌಕರ್ಯ ಇಲ್ಲ. ಹಾಗಾಗಿ ಬಸುರಿಯರು ದಿನ ತುಂಬುವ ಕೆಲವು ವಾರ ಮುಂಚೆ ಮುಖ್ಯಭೂಮಿಗೆ ಹೋಗುತ್ತಾರೆ. ಸದಾ ಹೆಪ್ಪುಗಟ್ಟಿರುವ ನೆಲದಲ್ಲಿ ಹೆಣ ಕೊಳೆಯುವುದಿಲ್ಲ, ಹೂತ ಪೆಟ್ಟಿಗೆ ಮೇಲಕ್ಕೂ ಬರುತ್ತದೆ. ಅದಕ್ಕೇ ಪೆಟ್ಟಿಗೆಯಲ್ಲಿ ಹೂಳುವುದನ್ನು ಎಷ್ಟೋ ಹಿಂದೆಯೇ ನಿಲ್ಲಿಸಿದರು. ಅಸ್ಥಿಕುಂಡ ಹೂಳಲು ಒಪ್ಪಿಗೆ ಸಿಗಬಹುದು. ಬೆಟ್ಟದ ಬುಡದಲ್ಲಿ ಬಿಳಿ ಶಿಲುಬೆಗಳ ಚಿಕ್ಕ ಸ್ಮಶಾನ ಇದೆ. 1918ರಲ್ಲಿ ಜಗತ್ತಿಗೆಲ್ಲ ಹರಡಿದ ಸ್ಪ್ಯಾನಿಷ್ ಫ್ಲೂ ಜ್ವರದಲ್ಲಿ ಸತ್ತ ಏಳು ಯುವಕರ ಗೋರಿ ಅಲ್ಲಿದೆ. ಗಣಿ ಕೆಲಸಕ್ಕೆ ಅಂತ ಹಡಗಿನಲ್ಲಿ ಬರುವಾಗಲೇ ಜ್ವರ ಹಿಡಿದಿತ್ತು ಅವರಿಗೆ.

ನಿಮಗೆ ಹುಷಾರು ತಪ್ಪಿ ಗಂಭೀರವಾದರೆ ವಿಮಾನದಲ್ಲಿ ಟ್ರೊಮ್ಸೊಗೆ ಸಾಗಿಸಬೇಕು. ಆ ಖರ್ಚನ್ನು ಕೊಡುವ ವಿಮೆ ಮಾಡಿಸದೆ ಹೊರಡಬೇಡಿ.

ಜನರ, ಮನೆಗಳ ಫೋಟೋ ತೆಗೆಯಬಹುದಾ?

ಕೇಳಿ ತೆಗೆಯಿರಿ. ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಶಾಲೆ ಬಿಡುವ ಹೊತ್ತಿಗೆ ಮಕ್ಕಳ ಫೋಟೋ ಬೇಡವೇ ಬೇಡ. ಬಣ್ಣಬಣ್ಣದ ಮನೆಗಳು ಚೆಂದ ಕಾಣುತ್ತವೆ, ನಿಜ. ಆದರೆ ಒಳಗೆ ಪಾಳಿ ಮುಗಿಸಿ ಬಂದು ಮಲಗಿದವರು ಇರುತ್ತಾರೆ.

ಅಲ್ಲಿ ಕೆಲಸಕ್ಕೆ ಸೇರಬಹುದಾ?

ವೀಸಾ, ಕೆಲಸದ ಪರವಾನಗಿ ಬೇಡ. ಹಾಗಂತ ಟಿಕೆಟ್ ಹಿಡಿದು ಹೊರಟುಬಿಡಬೇಡಿ. ಕೈಯಲ್ಲಿ ಕೆಲಸ, ತಲೆ ಮೇಲೆ ಸೂರು ಎರಡೂ ಮೊದಲೇ ಗಟ್ಟಿಯಾಗಿರಬೇಕು. ಮನೆ ಸಿಗುವುದು ಕೆಲಸಕ್ಕಿಂತ ಕಷ್ಟ. ತನ್ನ ಹೊಟ್ಟೆ ತಾನು ಹೊರೆಯಲಾಗದವರನ್ನು ಅಲ್ಲಿನ ಗವರ್ನರ್ ಕಚೇರಿ ವಾಪಸ್ ಕಳಿಸಬಹುದು. ಸರ್ಕಾರದ ಸಹಾಯಧನ, ವೃದ್ಧರ ಆರೈಕೆ ಯಾವುದೂ ಅಲ್ಲಿ ಇಲ್ಲ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಐದು ದಿನ. ಒಂದು ದಿನ ಊರಿಗೆ, ಒಂದು ಗಣಿಗೆ, ಎರಡು ದೋಣಿಗೋ ಹಿಮಕ್ಕೋ. ಉಳಿದ ಒಂದು ದಿನ ಮಂಜಿಗೆ. ಮಂಜು ಕವಿದರೆ ವಿಮಾನ ಇಳಿಯುವುದಿಲ್ಲ, ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ. ಓಸ್ಲೋದಿಂದ ಬೆಂಗಳೂರಿಗೆ ಬರುವ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಬೇಡಿ. ಮಾರ್ಗದರ್ಶಿ ‘ಇವತ್ತು ಬೇಡ’ ಅಂದರೆ ಚೌಕಾಸಿ ಮಾಡದೆ ಬೂಟು ಬಿಚ್ಚಿ ಒಳಗೆ ಹೋಗಿ ಕಾಫಿ ಕುಡಿಯಿರಿ.